ಜನವರಿ 26ರ ರಾತ್ರಿ: ನಮ್ಮ ಕಡಲತೀರ ಮರೆತಿದ್ದ ಒಂದು ಭೂಕಂಪದ ಇತಿಹಾಸ

ಜನವರಿ 26 ಎಂದೊಡನೆ ನಮಗೆಲ್ಲ ನೆನಪಾಗುವುದು ಗಣರಾಜ್ಯೋತ್ಸವ. ಇಲ್ಲಿಗೆ ಬಂದ ಮೇಲೂ ಆ ದಿನಕ್ಕೆ ಹತ್ತಿರದ ಶನಿವಾರ ಯಾವುದಾದರೊಂದು ಬಾಡಿಗೆ ಸಭಾಂಗಣದಲ್ಲಿ ಸೇರಿ, ಬಾವುಟಕ್ಕೆ ವಂದಿಸಿ, ಮಕ್ಕಳಿಂದ ನಾಡಗೀತೆ ಹಾಡಿಸಿ, ಬಿಸಿಬೇಳೆ ಭಾತು ಉಂಡು ಮನೆಗೆ ಮರಳುತ್ತೇವೆ. 2001ರ ಅದೇ ದಿನ ಬೆಳಿಗ್ಗೆ, ನಾವಿನ್ನೂ ಊರಿನ ಶಾಲೆಯ ಮೈದಾನದಲ್ಲಿ ಕವಾಯತಿಗೆ ಸಾಲು ನಿಂತಿದ್ದ ಹೊತ್ತಿಗೆ, ಗುಜರಾತಿನ ಕಚ್ಛದಲ್ಲಿ ನೆಲ ನಡುಗಿತು. ಭುಜ್ ಮತ್ತು ಅದರ ಸುತ್ತಿನ ಊರುಗಳು ಮಣ್ಣುಗೂಡಿದವು. ಇಪ್ಪತ್ತು ಸಾವಿರದಷ್ಟು ಜನ ಸತ್ತರು. ಅದಕ್ಕೆ ಸರಿಯಾಗಿ 301 ವರ್ಷ ಹಿಂದೆ, 1700ರ ಜನವರಿ 26ರ ರಾತ್ರಿ ಒಂಬತ್ತು ಗಂಟೆಯ ಸುಮಾರಿಗೆ, ನಾವೀಗ ಮನೆ ಕೊಂಡು ಕಂತು ಕಟ್ಟುತ್ತಿರುವ ಈ ಪೆಸಿಫಿಕ್ ವಾಯವ್ಯ ತೀರದಲ್ಲಿ, ಭುಜ್ ಭೂಕಂಪಕ್ಕಿಂತ ಹತ್ತಾರು ಪಟ್ಟು ಶಕ್ತಿಯ ಭೂಕಂಪವೊಂದು ಆಯಿತು. ತಾರೀಖು ಎರಡೂ ಒಂದೇ ಆದದ್ದು ಬರೀ ಕಾಕತಾಳೀಯ. ಆದರೆ ಬರವಣಿಗೆಯೇ ಇಲ್ಲದಿದ್ದ ಆ ಕಾಲದ ಈ ತೀರದಲ್ಲಿ ನಡೆದ ಘಟನೆಯ ತಾರೀಖು ಮಾತ್ರವಲ್ಲ, ಗಂಟೆಯೂ ನಮಗೆ ಗೊತ್ತಾದದ್ದು ಹೇಗೆ ಎಂಬುದು ಕಾಕತಾಳೀಯವಲ್ಲ. ಅದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಇದನ್ನು ಬರೆಯಲು ಕಾರಣವಾದವನು ನಮ್ಮ ಸಂಘದ ಏಳು ವರ್ಷದ ಸದಸ್ಯನೊಬ್ಬ. ಹೋದ ಬೇಸಿಗೆಯಲ್ಲಿ ವನಭೋಜನಕ್ಕೆಂದು ವಾಷಿಂಗ್ಟನ್ ರಾಜ್ಯದ ಕಡಲತೀರಕ್ಕೆ ಹೋಗಿದ್ದೆವಷ್ಟೆ. ಅಲ್ಲಿ ರಸ್ತೆಯ ಬದಿಯಲ್ಲಿ ಒಂದು ನೀಲಿ ಫಲಕ: ಹಿಂದೆ ದೊಡ್ಡ ಅಲೆ, ಮುಂದೆ ಗುಡ್ಡ ಹತ್ತಿ ಓಡುತ್ತಿರುವ ಮನುಷ್ಯ. "ಅಂಕಲ್, ಈ ಮಾಮ ಯಾಕೆ ಓಡ್ತಿದ್ದಾನೆ?" ಎಂದ. "ಸುನಾಮಿ ಬಂದರೆ ಹಾಗೆ ಓಡಬೇಕು ಮರಿ" ಎಂದೆವು. "ಯಾವಾಗ ಬರುತ್ತೆ?" ಎಂದು ಕೇಳಿದ. ನಮ್ಮಲ್ಲಿ ಉತ್ತರವಿರಲಿಲ್ಲ. ಚುರುಮುರಿಯ ಪೊಟ್ಟಣ ಕೈಗಿಟ್ಟು ಮಾತು ತೇಲಿಸಿದೆವು. ನಮ್ಮ ವೃತ್ತಿ ರಸಾಯನಶಾಸ್ತ್ರ. ಕಲ್ಲು ಮಣ್ಣಿನ ವಿದ್ಯೆ ನಮ್ಮದಲ್ಲ. ಆದರೂ ಆ ಪ್ರಶ್ನೆ ಮನೆಯವರೆಗೆ ಹಿಂಬಾಲಿಸಿ ಬಂತು. ಓದುತ್ತ ಹೋದಂತೆ ಈ ಕಥೆಯಲ್ಲಿ ರಸಾಯನಶಾಸ್ತ್ರಕ್ಕೂ ಸಾಕಷ್ಟು ಪಾತ್ರವಿದೆ ಎಂದು ತಿಳಿದು ಧೈರ್ಯ ಬಂತು.

ನೆಲ ಚಲಿಸುತ್ತದೆ ಎಂಬ ವಿಚಾರ

ಭೂಖಂಡಗಳು ಒಂದು ಕಾಲಕ್ಕೆ ಒಟ್ಟಿಗಿದ್ದು ಆಮೇಲೆ ಬೇರೆಯಾದವು ಎಂದು ಜರ್ಮನಿಯ ಹವಾಮಾನ ವಿಜ್ಞಾನಿ ಆಲ್ಫ್ರೆಡ್ ವೆಗೆನರ್ 1912ರಲ್ಲಿ ಸಾರಿದರು. 1915ರಲ್ಲಿ ಪುಸ್ತಕವನ್ನೂ ಬರೆದರು. ಅಟ್ಲಾಂಟಿಕ್‌ನ ಎರಡು ದಡಗಳ ಆಕಾರ, ಬಂಡೆ, ಪಳೆಯುಳಿಕೆಗಳು ಒಂದಕ್ಕೊಂದು ಹೊಂದುವುದನ್ನು ತೋರಿಸಿದರು. ಆದರೆ ಅಷ್ಟು ಭಾರದ ಖಂಡಗಳನ್ನು ತಳ್ಳುವ ಶಕ್ತಿ ಯಾವುದು ಎಂಬುದಕ್ಕೆ ಅವರು ಕೊಟ್ಟ ಉತ್ತರ ಯಾರಿಗೂ ಒಪ್ಪಿಗೆಯಾಗಲಿಲ್ಲ. 1930ರಲ್ಲಿ ಗ್ರೀನ್‌ಲೆಂಡಿನ ಹಿಮದಲ್ಲಿ ವೆಗೆನರ್ ತೀರಿಕೊಂಡಾಗ ಅವರ ವಿಚಾರವನ್ನು ನಂಬಿದವರು ಕೆಲವರೇ.

ಆ ವಿಚಾರಕ್ಕೆ ಮರುಜೀವ ಬಂದದ್ದು ಬಹುಮಟ್ಟಿಗೆ ನಮ್ಮ ಮನೆಬಾಗಿಲ ಸಮುದ್ರದಲ್ಲಿ ಎಂಬುದು ನಮ್ಮ ಸದಸ್ಯರಲ್ಲಿ ಹಲವರಿಗೆ ತಿಳಿದಿರಲಾರದು. 1955ರಲ್ಲಿ 'ಪಯನೀರ್' ಎಂಬ ಅಮೆರಿಕ ಸರ್ಕಾರದ ಅಳತೆಯ ಹಡಗು ಈ ತೀರದಾಚೆಗೆ ಹಿಂದೆ ಮುಂದೆ ಓಡಾಡುತ್ತ, ಹಗ್ಗದ ತುದಿಗೆ ಕಟ್ಟಿದ ಕಾಂತಮಾಪಕವನ್ನು ಎಳೆದುಕೊಂಡು ಹೋಯಿತು. ರೊನಾಲ್ಡ್ ಮೇಸನ್ ಮತ್ತು ಆರ್ಥರ್ ರಾಫ್ ಆ ಅಳತೆಗಳ ನಕ್ಷೆಯನ್ನು 1961ರಲ್ಲಿ ಪ್ರಕಟಿಸಿದಾಗ ಸಮುದ್ರದ ತಳವೆಲ್ಲ ಪಟ್ಟೆ ಪಟ್ಟೆಯ ಸೀರೆಯಂತೆ ಕಂಡಿತು: ಒಂದು ಪಟ್ಟೆಯಲ್ಲಿ ಕಾಂತಶಕ್ತಿ ಹೆಚ್ಚು, ಪಕ್ಕದ್ದರಲ್ಲಿ ಕಡಿಮೆ. ಇದರ ಅರ್ಥವನ್ನು ಇಂಗ್ಲೆಂಡಿನ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ 1963ರಲ್ಲಿ ಬಿಡಿಸಿದರು. ಸಮುದ್ರದ ನಡುವಿನ ಬಿರುಕಿನಿಂದ ಶಿಲಾರಸ ಉಕ್ಕಿ ಗಟ್ಟಿಯಾಗುವಾಗ ಆಗಿನ ಭೂಕಾಂತದ ದಿಕ್ಕು ಬಂಡೆಯಲ್ಲಿ ಮುದ್ರೆಯಾಗುತ್ತದೆ. ಭೂಮಿಯ ಉತ್ತರ ದಕ್ಷಿಣ ಧ್ರುವಗಳು ಆಗಾಗ ಅದಲುಬದಲಾಗುವುದರಿಂದ, ಎರಡು ಬದಿಗೂ ಸರಿಯುತ್ತಿರುವ ತಳದಲ್ಲಿ ಪಟ್ಟೆಗಳು ಮೂಡುತ್ತವೆ. ಕೆನಡಾದ ಲಾರೆನ್ಸ್ ಮಾರ್ಲಿ ಎಂಬುವರೂ ಅದೇ ವರ್ಷ ಇದನ್ನೇ ಬರೆದಿದ್ದರು. ಎರಡು ಪತ್ರಿಕೆಗಳು ಅವರ ಲೇಖನವನ್ನು ಹಿಂದಿರುಗಿಸಿದವು. ನಮ್ಮ ಪ್ರಬಂಧಗಳು ವಾಪಸು ಬಂದಾಗಲೆಲ್ಲ ಮಾರ್ಲಿಯವರನ್ನು ನೆನೆದು ಸಮಾಧಾನ ತಂದುಕೊಳ್ಳುತ್ತೇವೆ. 1965ರಲ್ಲಿ ಕೆನಡಾದವರೇ ಆದ ಟುಜೊ ವಿಲ್ಸನ್, ವೈನ್ ಅವರ ಜೊತೆ ಸೇರಿ, ನಮ್ಮ ತೀರದಾಚೆಯ ಹುವಾನ್ ದೆ ಫೂಕಾ ಸಾಗರಶ್ರೇಣಿಯ ಪಟ್ಟೆಗಳು ಎರಡು ಬದಿಗೂ ಸಮಸಮವಾಗಿವೆ ಎಂದು ತೋರಿಸಿದರು. ಕೆಲವೇ ವರ್ಷಗಳಲ್ಲಿ ಭೂಫಲಕ ಸಿದ್ಧಾಂತ ಎಲ್ಲ ಪಠ್ಯಪುಸ್ತಕಗಳನ್ನೂ ಸೇರಿತು.

ಭೂಮಿಯ ಹೊರಕವಚ ಹತ್ತಾರು ಫಲಕಗಳಾಗಿ ಒಡೆದಿದೆ. ಅವು ವರ್ಷಕ್ಕೆ ಕೆಲವು ಸೆಂಟಿಮೀಟರು, ಹೆಚ್ಚುಕಡಿಮೆ ನಮ್ಮ ಉಗುರು ಬೆಳೆಯುವ ವೇಗದಲ್ಲಿ, ಸರಿಯುತ್ತಿವೆ. ನಮ್ಮ ತಾಯ್ನಾಡೂ ಅಂಥ ಪ್ರಯಾಣ ಮಾಡಿ ಬಂದದ್ದೇ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಅಲ್ಲಿ ಕಂಬ ಕಂಬವಾಗಿ ನಿಂತ ಕಲ್ಲುಗಳನ್ನು ನೋಡಿರುತ್ತೀರಿ. ಅವು ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ನಮ್ಮ ಪಶ್ಚಿಮ ತೀರದಿಂದ ಹರಿದುಹೋಗುವ ಕಾಲಕ್ಕೆ ಹೊಮ್ಮಿದ ಲಾವಾ. ಪಶ್ಚಿಮ ಘಟ್ಟ ಕಡಲ ಕಡೆಗೆ ಅಷ್ಟು ಕಡಿದಾಗಿ ನಿಂತಿರುವುದಕ್ಕೂ ಖಂಡ ಹರಿದ ಆ ಇತಿಹಾಸಕ್ಕೂ ಸಂಬಂಧವಿದೆ. ಹಾಗೆ ಬಿಡಿಸಿಕೊಂಡು ಉತ್ತರಕ್ಕೆ ಹೊರಟ ಭಾರತ ಏಷ್ಯಾಕ್ಕೆ ಢಿಕ್ಕಿ ಹೊಡೆದು ಹಿಮಾಲಯವನ್ನು ಎಬ್ಬಿಸಿತು. ಆ ತಳ್ಳಾಟ ಇನ್ನೂ ನಿಂತಿಲ್ಲ. ಭುಜ್ ಅದಕ್ಕೆ ಸಾಕ್ಷಿ.

ಸದ್ದಿಲ್ಲದ ತೀರ

ಇಲ್ಲಿ ನಡೆಯುವುದು ಬೇರೆ ಬಗೆ. ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಭೂಶಿರದಿಂದ ಕೆನಡಾದ ವ್ಯಾಂಕೂವರ್ ದ್ವೀಪದವರೆಗೆ, ಸುಮಾರು ಸಾವಿರ ಕಿಲೋಮೀಟರು ಉದ್ದಕ್ಕೂ, ಹುವಾನ್ ದೆ ಫೂಕಾ ಎಂಬ ಚಿಕ್ಕ ಸಾಗರಫಲಕ ನಮ್ಮ ಕಾಲಡಿಯ ಉತ್ತರ ಅಮೆರಿಕದ ಫಲಕದ ಕೆಳಗೆ ವರ್ಷಕ್ಕೆ ಮೂರು ನಾಲ್ಕು ಸೆಂಟಿಮೀಟರಿನಂತೆ ತೂರಿಕೊಂಡು ಹೋಗುತ್ತಿದೆ. ಇದಕ್ಕೆ ಕ್ಯಾಸ್ಕೇಡಿಯಾ ಎಂದು ಹೆಸರು. ಚಿಲಿ, ಅಲಾಸ್ಕಾ, ಜಪಾನುಗಳಲ್ಲೂ ಇಂಥದೇ ಏರ್ಪಾಡಿದೆ. ಅಲ್ಲೆಲ್ಲ ಭಾರಿ ಭೂಕಂಪಗಳಾಗಿವೆ. 1960ರಲ್ಲಿ ಚಿಲಿಯಲ್ಲಿ ಆದದ್ದು 9.5ರ ಪ್ರಮಾಣದ್ದು, ಅಳತೆ ಶುರುವಾದ ಮೇಲೆ ಅದಕ್ಕಿಂತ ದೊಡ್ಡದು ಆಗಿಲ್ಲ. ಆದರೆ ಕ್ಯಾಸ್ಕೇಡಿಯಾದಲ್ಲಿ ಬಿಳಿಯರು ಬಂದು ನೆಲೆಸಿ ದಿನಚರಿ ಬರೆಯತೊಡಗಿದಂದಿನಿಂದ ಅಂಥದೊಂದೂ ಇಲ್ಲ. ಹೀಗಾಗಿ, ಇಲ್ಲಿ ಫಲಕ ಎಣ್ಣೆ ಹಚ್ಚಿದಂತೆ ನಯವಾಗಿ ಜಾರಿಹೋಗುತ್ತಿರಬೇಕು, ಭಯವಿಲ್ಲ ಎಂದು ಬಹಳ ಜನ ಭಾವಿಸಿದ್ದರು.

1970ರ ದಶಕದ ಕೊನೆಯಲ್ಲಿ ವಾಷಿಂಗ್ಟನ್ ರಾಜ್ಯದ ಸ್ಯಾಟ್‌ಸಪ್ ಎಂಬಲ್ಲಿ ಪರಮಾಣು ವಿದ್ಯುತ್ ಸ್ಥಾವರ ಕಟ್ಟತೊಡಗಿದಾಗ ಈ ಪ್ರಶ್ನೆಗೆ ಬೆಲೆ ಬಂತು. ಪಸಡೀನಾದ ಟಾಮ್ ಹೀಟನ್ ಮತ್ತು ಹಿರೂ ಕನಮೋರಿ 1984ರಲ್ಲಿ ಲೋಕದ ಇಂಥ ತೀರಗಳನ್ನೆಲ್ಲ ಹೋಲಿಸಿ ನೋಡಿದರು. ಕೆಳಗೆ ಹೋಗುವ ಫಲಕ ಎಳೆಯದಾಗಿ, ಬಿಸಿಯಾಗಿ, ಹಗುರವಾಗಿದ್ದರೆ ಅದು ಮೇಲಿನದಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಕ್ಯಾಸ್ಕೇಡಿಯಾ ಆ ಲಕ್ಷಣದಲ್ಲಿ ದಕ್ಷಿಣ ಚಿಲಿಯನ್ನು ಹೋಲುತ್ತದೆ. ಆದ್ದರಿಂದ ಈ ಮೌನವನ್ನು ನಂಬುವಂತಿಲ್ಲ, ಎಂದರು. ಸ್ಥಾವರವೇನೋ ಹಣದ ಕಾರಣದಿಂದ ಅರ್ಧಕ್ಕೇ ನಿಂತಿತು. ಪ್ರಶ್ನೆ ಮಾತ್ರ ನಿಲ್ಲಲಿಲ್ಲ.

ಮಣ್ಣು ಹೇಳಿದ ಸಾಕ್ಷಿ

ಅಂಟಿಕೊಂಡ ಫಲಕ ಬಿಟ್ಟಾಗ ಏನಾಗುತ್ತದೆ ಎಂಬುದನ್ನು ಮನೆಯಲ್ಲೇ ನೋಡಬಹುದು. ಮಂಚದ ಕಾಲಿನ ಕೆಳಗೆ ಚಾಪೆಯ ಒಂದು ಅಂಚು ಸಿಕ್ಕಿಕೊಂಡಿದೆ ಎನ್ನಿ. ಇನ್ನೊಂದು ಅಂಚಿನಿಂದ ಚಾಪೆಯನ್ನು ತಳ್ಳಿದರೆ ನಡುವೆ ಉಬ್ಬುತ್ತದೆ. ಯಾರಾದರೂ ಮಂಚವನ್ನು ಎತ್ತಿದೊಡನೆ ಅಂಚು ಮುಂದಕ್ಕೆ ಚಿಮ್ಮುತ್ತದೆ, ಉಬ್ಬು ಕುಸಿಯುತ್ತದೆ. ಕ್ಯಾಸ್ಕೇಡಿಯಾದಲ್ಲಿ ಅಂಚು ಇರುವುದು ಸಮುದ್ರದ ಆಳದಲ್ಲಿ. ಅದು ಚಿಮ್ಮಿದಾಗ ಮೇಲಿನ ನೀರೆಲ್ಲ ಎದ್ದು ಸುನಾಮಿಯಾಗುತ್ತದೆ. ಉಬ್ಬು ಇರುವುದು ಕಡಲತೀರದಲ್ಲಿ. ಅದು ಕುಸಿದಾಗ ದಡದ ನೆಲ ಕ್ಷಣದಲ್ಲಿ ಒಂದೆರಡು ಮೀಟರು ಕೆಳಗಿಳಿಯುತ್ತದೆ.

ಹಾಗೆ ಇಳಿದ ನೆಲವನ್ನು ಹುಡುಕಿ 1986ರಲ್ಲಿ ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯ ಬ್ರಯನ್ ಆಟ್‌ವಾಟರ್ ಹೊರಟರು. ಅವರ ಪರಿಕರ ಒಂದು ಪುಟ್ಟ ದೋಣಿ, ಒಂದು ಸನಿಕೆ. ನದಿಗಳು ಕಡಲಿಗೆ ಸೇರುವ ಅಳಿವೆಗಳಲ್ಲಿ, ಇಳಿತದ ಹೊತ್ತಿಗೆ, ಮೊಳಕಾಲುದ್ದ ಕೆಸರಿನಲ್ಲಿ ನಿಂತು ದಂಡೆಯನ್ನು ಕೆರೆದು ನೋಡಿದರು. ಮೇಲೆ ಭರತದ ನೀರು ತಂದು ಹಾಕಿದ ಬೂದು ಕೆಸರು. ಅದರ ಕೆಳಗೆ ತೆಳ್ಳಗೆ ಮರಳಿನ ಹಾಸು. ಅದರ ಕೆಳಗೆ, ಹುಲ್ಲಿನ ಬೇರು ಕಾಂಡಗಳು ಇದ್ದಂತೆಯೇ ಇರುವ ಹಳೆಯ ಜೌಗು ಹುಲ್ಲುಗಾವಲು. ಹುಲ್ಲುಗಾವಲು ನಿಧಾನವಾಗಿ ಮುಳುಗಿದ್ದರೆ ಹುಲ್ಲು ಕೊಳೆತುಹೋಗಬೇಕಿತ್ತು. ಇದು ಒಮ್ಮೆಗೇ ಕುಸಿದಿದೆ. ಕುಸಿದ ಕೂಡಲೇ ಕಡಲಿನಿಂದ ಮರಳು ಹೊತ್ತ ನೀರು ನುಗ್ಗಿದೆ. ಒಂದರ ಕೆಳಗೊಂದು ಇಂಥ ಪದರಗಳು ಹಲವು ಸಿಕ್ಕವು. 1987ರಲ್ಲಿ ಅವರು ಇದನ್ನು ಪ್ರಕಟಿಸಿದ ಮೇಲೆ 'ಸದ್ದಿಲ್ಲದ ತೀರ' ಎಂಬ ಮಾತಿಗೆ ಅರ್ಥ ಉಳಿಯಲಿಲ್ಲ.

ಪ್ರೇತವನ

ಈಗ ತಾರೀಖಿನ ವಿಷಯ. ವಾಷಿಂಗ್ಟನ್ ತೀರದ ಕೊಪಾಲಿಸ್ ನದಿಯ ಅಳಿವೆಯಲ್ಲಿ ಎಲೆಯಿಲ್ಲದ, ತೊಗಟೆಯಿಲ್ಲದ, ಬೆಳ್ಳಿಯ ಬಣ್ಣದ ಸೀಡರ್ ಮರಗಳು ಹುಲ್ಲಿನ ನಡುವೆ ಸಾಲಾಗಿ ನಿಂತಿವೆ. ಜನ ಅದನ್ನು ಪ್ರೇತವನ ಎನ್ನುತ್ತಾರೆ. ನೆಲ ಕುಸಿದಾಗ ಬೇರಿಗೆ ಉಪ್ಪುನೀರು ಹತ್ತಿ ಸತ್ತ ಮರಗಳಿವು. ಜೊತೆಯಲ್ಲೇ ಸತ್ತ ಸ್ಪ್ರೂಸ್ ಮರಗಳು ಎಂದೋ ಕೊಳೆತು ಬಿದ್ದವು. ಸೀಡರ್ ಮಾತ್ರ ಮುನ್ನೂರು ವರ್ಷ ಮಳೆಗಾಳಿಗೆ ನಿಂತದ್ದು ಹೇಗೆ? ಇಲ್ಲಿ ನಮ್ಮ ರಸಾಯನಶಾಸ್ತ್ರ ಬರುತ್ತದೆ. ಕೆಂಪು ಸೀಡರ್‌ನ ಒಳಮರದಲ್ಲಿ ಥುಜಾಪ್ಲಿಸಿನ್ ಎಂಬ ವಸ್ತುಗಳಿವೆ. ಸಾಮಾನ್ಯವಾಗಿ ನಾವು ಕಾಣುವ ಆರು ಇಂಗಾಲದ ಉಂಗುರದ ಬದಲು ಇವುಗಳಲ್ಲಿ ಏಳು ಇಂಗಾಲದ ಉಂಗುರ. ಮರ ತಿನ್ನುವ ಬೂಷ್ಟುಗಳಿಗೆ ಇವು ವಿಷ. ಇವುಗಳಲ್ಲೊಂದನ್ನು ಮೊದಲು ಬೇರ್ಪಡಿಸಿದವರು ಟೆಟ್ಸುವೊ ನೊಜೊಯೆ ಎಂಬ ಜಪಾನೀ ರಸಾಯನಶಾಸ್ತ್ರಜ್ಞರು, 1936ರಲ್ಲಿ, ತೈವಾನಿನ ಹಿನೋಕಿ ಮರದ ಎಣ್ಣೆಯಿಂದ. ನಮ್ಮ ಹಿತ್ತಿಲ ಬೇಲಿಗೆ ಸೀಡರ್ ಹಲಗೆಯನ್ನೇ ಹಾಕಿ ಎಂದು ಬಡಗಿಗಳು ಹೇಳುವುದೂ ಇದೇ ಕಾರಣಕ್ಕೆ.

ಸತ್ತ ಗಿಡಮರಗಳ ವಯಸ್ಸನ್ನು ಇಂಗಾಲ-14ರಿಂದ ಲೆಕ್ಕ ಹಾಕುವ ವಿಧಾನವನ್ನು ಕೊಟ್ಟದ್ದೂ ಒಬ್ಬ ರಸಾಯನಶಾಸ್ತ್ರಜ್ಞರೇ. ವಿಲ್ಲರ್ಡ್ ಲಿಬ್ಬಿ ಅವರಿಗೆ ಅದಕ್ಕಾಗಿ 1960ರ ನೊಬೆಲ್ ಪ್ರಶಸ್ತಿ ಬಂತು. ಜೀವವಿರುವಷ್ಟು ಕಾಲ ಮರ ಗಾಳಿಯಿಂದ ಇಂಗಾಲ-14ನ್ನು ಪಡೆಯುತ್ತಿರುತ್ತದೆ. ಸತ್ತ ಮೇಲೆ ಅದು 5,730 ವರ್ಷಕ್ಕೆ ಅರ್ಧದಂತೆ ಕರಗುತ್ತ ಹೋಗುತ್ತದೆ. ಕ್ಯಾಸ್ಕೇಡಿಯಾದ ಉದ್ದಕ್ಕೂ ಸಿಕ್ಕ ಮರ ಹುಲ್ಲುಗಳು ಸತ್ತದ್ದು 1700ರ ಆಚೀಚೆಯ ಕೆಲವು ದಶಕಗಳೊಳಗೆ ಎಂದು ಈ ಲೆಕ್ಕ ಹೇಳಿತು. ಇನ್ನೂ ನಿಖರ ಬೇಕಾದರೆ ಮರದ ವಾರ್ಷಿಕ ಉಂಗುರಗಳನ್ನು ಎಣಿಸಬೇಕು. ಮಳೆ ಹೆಚ್ಚಾದ ವರ್ಷ ಅಗಲ, ಕಡಿಮೆಯಾದ ವರ್ಷ ಕಿರಿದು, ಹೀಗೆ ಉಂಗುರಗಳ ಸಾಲು ಆ ಪ್ರದೇಶದ ಎಲ್ಲ ಮರಗಳಲ್ಲೂ ಒಂದೇ ಜಾತಕದಂತೆ ಇರುತ್ತದೆ. ಡೇವಿಡ್ ಯಮಗುಚಿ ಎಂಬ ವಿಜ್ಞಾನಿ ಸತ್ತ ಸೀಡರುಗಳ ಜಾತಕವನ್ನು ಬದುಕಿರುವ ಹಳೆಯ ಸೀಡರುಗಳದರೊಂದಿಗೆ ಹೊಂದಿಸಿ ನೋಡಿದರು. ನಿಂತ ಕಾಂಡಗಳ ಹೊರಪದರ ಸವೆದುಹೋಗಿದ್ದರಿಂದ ಕಡೆಯ ಉಂಗುರಗಳು ಸಿಗಲಿಲ್ಲ. ಕೆಸರಿನಡಿ ತೊಗಟೆ ಸಮೇತ ಉಳಿದಿದ್ದ ಬೇರುಗಳನ್ನು ಅಗೆದು ತೆಗೆಯಬೇಕಾಯಿತು.

ತಬ್ಬಲಿ ಸುನಾಮಿ

ಇತ್ತ ಹೀಗೆ ಕೆಸರು ಅಗೆಯುತ್ತಿದ್ದಾಗ ಅತ್ತ ಜಪಾನಿನ ವಿದ್ವಾಂಸರ ಬಳಿ ಒಂದು ಹಳೆಯ ಒಗಟಿತ್ತು. ಗೆನ್ರೊಕು ಶಕೆಯ 12ನೆಯ ವರ್ಷ, 12ನೆಯ ತಿಂಗಳು, 8ನೆಯ ದಿನದ ನಡುರಾತ್ರಿ, ಎಂದರೆ ನಮ್ಮ ಲೆಕ್ಕದ 1700ರ ಜನವರಿ 27ರ ರಾತ್ರಿ, ಜಪಾನಿನ ಪೂರ್ವ ತೀರದ ಹಲವು ಊರುಗಳಿಗೆ ಕಡಲು ನುಗ್ಗಿತು. ಕುವಗಸಾಕಿ ಎಂಬ ಮೀನುಗಾರರ ಊರಿನಲ್ಲಿ 13 ಮನೆ ಕೊಚ್ಚಿಹೋದವು. ಅದರ ಬೆನ್ನಿಗೇ ಬೆಂಕಿ ಬಿದ್ದು ಇನ್ನೂ 20 ಮನೆ ಸುಟ್ಟವು. ಅಧಿಕಾರಿಗಳು ಮನೆ ಕಳೆದುಕೊಂಡವರಿಗೆ ಅಕ್ಕಿ ಕೊಡಿಸಿದರು. ನಾಕಮಿನಾಟೊ ಬಳಿ ಅಕ್ಕಿ ಹೇರಿಕೊಂಡು ಬಂದ ದೋಣಿಯೊಂದು ಬಂದರು ಸೇರಲಾರದೆ ಒಡೆದುಹೋಯಿತು. ಮಿಹೊ ಎಂಬ ಹಳ್ಳಿಯ ಪಟೇಲ, ನೆಲ ನಡುಗದೆಯೇ ಕಡಲು ಮತ್ತೆ ಮತ್ತೆ ಏರಿ ಬರುತ್ತಿರುವುದನ್ನು ಕಂಡು ಬೆರಗಾಗಿ, ಮುದುಕರನ್ನೂ ಮಕ್ಕಳನ್ನೂ ದೇವಸ್ಥಾನಕ್ಕೆ ಕಳಿಸಿ, ನಡೆದದ್ದನ್ನೆಲ್ಲ ಬರೆದಿಟ್ಟ. ಭೂಕಂಪವೆಂಬ ತಾಯಿ ಎಲ್ಲೂ ಕಾಣದ ಈ ಅಲೆಯನ್ನು ತಬ್ಬಲಿ ಸುನಾಮಿ ಎಂದು ಕರೆದರು.

1996ರಲ್ಲಿ ಕೆಂಜಿ ಸಾಟಾಕೆ ಮತ್ತು ಸಂಗಡಿಗರು ಆ ತಾಯಿಯನ್ನು ಹುಡುಕಿಕೊಟ್ಟರು. ದಕ್ಷಿಣ ಅಮೆರಿಕ, ಅಲಾಸ್ಕಾ, ಕಮ್ಚಾಟ್ಕಗಳನ್ನು ಒಂದೊಂದಾಗಿ ಪರಿಶೀಲಿಸಿ ಬಿಟ್ಟ ಮೇಲೆ ಉಳಿದದ್ದು ಕ್ಯಾಸ್ಕೇಡಿಯಾ. ಅಲ್ಲಿಂದ ಜಪಾನಿಗೆ ಅಲೆ ಸಾಗಲು ಹತ್ತು ಗಂಟೆ ಬೇಕು. ಜಪಾನಿನಲ್ಲಿ 27ರ ನಡುರಾತ್ರಿ ಎಂದರೆ ನಮ್ಮ ತೀರದಲ್ಲಿ 27ರ ಬೆಳಗಿನ ಏಳು. ಹತ್ತು ಗಂಟೆ ಹಿಂದೆ ಹೋದರೆ 26ರ ರಾತ್ರಿ ಒಂಬತ್ತು. ಊರಿಗೆ ಫೋನು ಮಾಡಲು ದಿನವೂ ಮಾಡುವ ಲೆಕ್ಕದಂಥದೇ ಲೆಕ್ಕ! ಮರುವರ್ಷ, 1997ರಲ್ಲಿ, ಯಮಗುಚಿಯವರ ಬೇರುಗಳ ಫಲಿತಾಂಶ ಪ್ರಕಟವಾಯಿತು. ಕಡೆಯ ಉಂಗುರ 1699ರದ್ದು. ಆ ವರ್ಷದ ಬೆಳವಣಿಗೆ ಮುಗಿಸಿ, ಮರುವರ್ಷದ ಚಿಗುರು ಬರುವ ಮುನ್ನ ಮರಗಳು ಸತ್ತಿದ್ದವು. ಕಡಲಿನ ಆಚೆ ಬರೆದಿಟ್ಟ ಲೆಕ್ಕಕ್ಕೆ ಈಚೆಯ ಮರ ಸಹಿ ಹಾಕಿದಂತಾಯಿತು. ಭೂಕಂಪದ ಪ್ರಮಾಣ 9ರ ಆಸುಪಾಸು. ಆ ರಾತ್ರಿ ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ ಆಳ್ವಿಕೆ.

ಅಕ್ಕಿ ಯಾರಿಗೆ ಎಷ್ಟು ಕೊಟ್ಟೆವು ಎಂದು ಬರೆದಿಟ್ಟ ಆ ಗುಮಾಸ್ತರಿಗೆ ತಾವು ವಿಜ್ಞಾನಕ್ಕೆ ಉಪಕಾರ ಮಾಡುತ್ತಿದ್ದೇವೆಂದು ಕನಸಿನಲ್ಲೂ ತಿಳಿದಿರಲಾರದು. ನಮ್ಮ ಖಜಾಂಚಿಗಳು ಲೆಕ್ಕಪತ್ರ ಕೇಳಿದಾಗ ಇನ್ನು ಮುಂದೆ ಗೊಣಗಬಾರದು ಎಂದುಕೊಂಡಿದ್ದೇವೆ.

ಮೊದಲೇ ಬಲ್ಲವರು

ಬರವಣಿಗೆ ಇಲ್ಲದ ತೀರ ಎಂದೆವು, ನೆನಪಿಲ್ಲದ ತೀರವಲ್ಲ. ಸಾವಿರಾರು ವರ್ಷಗಳಿಂದ ಇಲ್ಲಿದ್ದ ಮೂಲನಿವಾಸಿಗಳ ನಡುವೆ ಗುಡುಗುಹಕ್ಕಿಗೂ ತಿಮಿಂಗಿಲಕ್ಕೂ ಆದ ಕಾಳಗದ ಕಥೆಗಳಿವೆ. ಅವು ಹೊರಳಾಡಿದಾಗ ನೆಲ ನಡುಗಿತು, ಕಡಲು ಏರಿತು. 1864ರಲ್ಲಿ ಜೇಮ್ಸ್ ಸ್ವಾನ್ ಎಂಬಾತ ನೀಯಾ ಬೇಯ ಮಕಾ ಜನರಿಂದ ಕೇಳಿ ತನ್ನ ದಿನಚರಿಯಲ್ಲಿ ಬರೆದುಕೊಂಡ: ಹಿಂದೊಮ್ಮೆ ಕಡಲು ಹಿಂದೆ ಸರಿದು, ಮತ್ತೆ ಏರಿ ಬಯಲನ್ನೆಲ್ಲ ಮುಳುಗಿಸಿತು, ದೋಣಿಗಳು ಮರದ ಮೇಲೆ ಸಿಕ್ಕಿಕೊಂಡವು, ಬಹಳ ಜನ ಸತ್ತರು. ವ್ಯಾಂಕೂವರ್ ದ್ವೀಪದ ಪಚೀನಾ ಕೊಲ್ಲಿಯ ಜನರ ಹೇಳಿಕೆಯಲ್ಲಿ ಅದು ರಾತ್ರಿಯ ಹೊತ್ತು. ತಗ್ಗಿನಲ್ಲಿದ್ದವರು ಯಾರೂ ಉಳಿಯಲಿಲ್ಲ, ಎತ್ತರದಲ್ಲಿ ಮನೆ ಮಾಡಿದ್ದವರು ಉಳಿದರು. ಇದನ್ನೆಲ್ಲ ಪುರಾಣವೆಂದು ಬದಿಗಿಟ್ಟಿದ್ದ ವಿದ್ವಾಂಸರು 1980ರ ದಶಕದ ನಂತರ ಮತ್ತೆ ಕಿವಿಗೊಟ್ಟು ಕೇಳತೊಡಗಿದರು.

ಕೊಡುವ ಕೈಯೂ ಅದೇ

ಇಷ್ಟೆಲ್ಲ ಓದಿ, ಇಂಥ ಜಾಗಕ್ಕೆ ಯಾಕೆ ಬಂದೆವಪ್ಪಾ ಎಂದುಕೊಳ್ಳಬೇಡಿ. ನಾವು ಮೆಚ್ಚಿ ಬಂದುಳಿದ ಹಸಿರನ್ನು ಕೊಟ್ಟದ್ದೂ ಅದೇ ಫಲಕ. ಒಲಿಂಪಿಕ್ ಬೆಟ್ಟಗಳು ಕೆಳಗಿಳಿಯುವ ಸಾಗರತಳದಿಂದ ಕೆರೆದು ಒಟ್ಟಿದ ಕಲ್ಲುಮಣ್ಣು. ಅವು ಕಡಲ ಮೋಡವನ್ನು ತಡೆಯುವುದರಿಂದಲೇ ಹೋ ಕಣಿವೆಯಲ್ಲಿ ವರ್ಷಕ್ಕೆ ಮೂರೂವರೆ ಮೀಟರಿನಷ್ಟು ಮಳೆ; ಪಾಚಿ ತೊಟ್ಟ ಮಹಾವೃಕ್ಷಗಳ ಕಾಡು. ಕ್ಯಾಸ್ಕೇಡ್ ಸಾಲನ್ನು ದಾಟಿ ಯಾಕಿಮಾಕ್ಕೆ ಹೋದರೆ ಕುರುಚಲು ಬಯಲು. ಆಗುಂಬೆಯಿಂದ ಚಿತ್ರದುರ್ಗದ ಕಡೆಗೆ ಬಸ್ಸಿನಲ್ಲಿ ಹೋದವರಿಗೆ ಇದನ್ನು ವಿವರಿಸಬೇಕಿಲ್ಲ.

ಕ್ಯಾಸ್ಕೇಡ್‌ನ ಜ್ವಾಲಾಮುಖಿಗಳ ಗುಟ್ಟು ನೀರು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲಿದರೆ ಮಂಜುಗಡ್ಡೆ ಬೇಗ ಕರಗುತ್ತದಲ್ಲ, ಹಾಗೆಯೇ ಬಂಡೆಗೆ ನೀರು ಸೇರಿದರೆ ಅದು ಕಡಿಮೆ ಶಾಖದಲ್ಲೇ ಕರಗುತ್ತದೆ. ಕೆಳಗಿಳಿದ ಫಲಕದ ಖನಿಜಗಳು ತಮ್ಮೊಳಗಿನ ನೀರನ್ನು ಸುಮಾರು ನೂರು ಕಿಲೋಮೀಟರು ಆಳದಲ್ಲಿ ಬಿಟ್ಟುಕೊಡುತ್ತವೆ. ಮೇಲಿನ ಬಿಸಿ ಬಂಡೆ ಕರಗಿ ಶಿಲಾರಸವಾಗಿ ಏರುತ್ತದೆ. 1980ರ ಮೇ 18ರ ಬೆಳಿಗ್ಗೆ 8 ಗಂಟೆ 32 ನಿಮಿಷಕ್ಕೆ ಸೇಂಟ್ ಹೆಲೆನ್ಸ್ ಪರ್ವತದ ಉತ್ತರ ಮಗ್ಗುಲು ಕುಸಿದು ಸ್ಫೋಟವಾದಾಗ 57 ಜನ ಸತ್ತರು, ಶಿಖರ 400 ಮೀಟರು ಕುಗ್ಗಿತು, ಕಾಡು ಬೂದಿಯಾಯಿತು. ಆದರೆ ಬಿಲದೊಳಗಿದ್ದ, ಹೆಗ್ಗಣದಂತೆ ನೆಲ ತೋಡುವ ಗೋಫರುಗಳು ಬದುಕುಳಿದು, ಅಡಿಯ ಹಳೆಯ ಮಣ್ಣನ್ನು ಬೂದಿಯ ಮೇಲಕ್ಕೆ ಎತ್ತಿ ಹಾಕಿದವು. ಗಾಳಿಯ ಸಾರಜನಕವನ್ನು ಹಿಡಿದಿಡಬಲ್ಲ ಲೂಪಿನ್ ಎಂಬ ಅವರೆಯ ಕುಲದ ಪುಟ್ಟ ಗಿಡ ಬರಿ ಬೂದಿಯಲ್ಲಿ ಮೊದಲು ಬೇರು ಬಿಟ್ಟು, ಮಿಕ್ಕ ಗಿಡಗಳಿಗೆ ನೆಲ ಹದಮಾಡಿತು. ಊರಿನ ಹೊಲದಲ್ಲಿ ರಾಗಿಯ ಜೊತೆಗೆ ಅವರೆ ಬಿತ್ತುವವರು ಇದನ್ನು ಒಪ್ಪಿಯಾರು.

ಅಳಿವೆಗಳ ಕಥೆಯೂ ಅಷ್ಟೇ. 1700ರಲ್ಲಿ ಮುಳುಗಿದ ಹುಲ್ಲುಗಾವಲಿನ ಮೇಲೆ ಭರತ ತಂದ ಕೆಸರು ಕೂತು, ನೆಲ ಮೆಲ್ಲಗೆ ಏರಿ, ಮತ್ತೆ ಜೌಗು ಹುಲ್ಲು ಹಬ್ಬಿತು. ಸಾಲ್ಮನ್ ಮರಿಗಳು ಕಡಲಿಗೆ ಹೋಗುವ ಮುನ್ನ ಮೇದು ಬಲಿಯುವುದು ಅಲ್ಲೇ.

ಇನ್ನು ಆ ಹುಡುಗನ ಪ್ರಶ್ನೆ

ಯಾವಾಗ ಬರುತ್ತದೆ? ಸಮುದ್ರತಳದ ಕೆಸರಿನ ಪದರಗಳನ್ನು ಎಣಿಸಿದ ಕ್ರಿಸ್ ಗೋಲ್ಡ್‌ಫಿಂಗರ್ ಮತ್ತು ಸಂಗಡಿಗರು ಕಳೆದ ಹತ್ತು ಸಾವಿರ ವರ್ಷಗಳಲ್ಲಿ ಇಲ್ಲಿ 41 ಭಾರಿ ಭೂಕಂಪಗಳ ಗುರುತು ಕಂಡಿದ್ದಾರೆ. ಅವುಗಳಲ್ಲಿ ಅರ್ಧದಷ್ಟು ಇಡೀ ಉದ್ದಕ್ಕೂ ಹರಿದಂಥವು. ಮುಂದಿನ 50 ವರ್ಷಗಳಲ್ಲಿ 1700ರಂಥದು ಮರುಕಳಿಸುವ ಸಂಭವ ನೂರಕ್ಕೆ ಹತ್ತರಿಂದ ಹದಿನೈದು ಎಂಬುದು ಒಂದು ಅಂದಾಜು. ದಿನ ಹೇಳಬಲ್ಲ ಜೋಯಿಸರು ವಿಜ್ಞಾನದಲ್ಲಿಲ್ಲ. ಬಂದಾಗ ಮೂರರಿಂದ ಐದು ನಿಮಿಷ ನೆಲ ನಡುಗೀತು. ಹೊರಗಡಲ ತೀರಕ್ಕೆ ಮೊದಲ ಅಲೆ ಹದಿನೈದರಿಂದ ಮೂವತ್ತು ನಿಮಿಷದಲ್ಲಿ ಬಂದೀತು. ವೆಸ್ಟ್‌ಪೋರ್ಟಿನ ಒಕೋಸ್ಟಾ ಶಾಲೆಯವರು 2016ರಲ್ಲಿ, ಮಾಡಿನ ಮೇಲೆ ಸಾವಿರ ಜನ ನಿಲ್ಲುವಂಥ ಗಟ್ಟಿ ಕಟ್ಟಡವನ್ನು ಕಟ್ಟಿಕೊಂಡಿದ್ದಾರೆ. ಕ್ವಿನಾಲ್ಟ್ ಜನ ತಮ್ಮ ಊರಿನ ತಗ್ಗಿನ ಭಾಗವನ್ನು ಗುಡ್ಡದ ಮೇಲಕ್ಕೆ ಸಾಗಿಸುವ ಕೆಲಸದಲ್ಲಿದ್ದಾರೆ.

ಕಟ್ಟಡಕ್ಕಿಂತ ಅಗ್ಗವಾದದ್ದು ಒಂದಿದೆ. 2004ರ ಡಿಸೆಂಬರ್ 26ರಂದು ಸುಮಾತ್ರದ ಬಳಿ ಎದ್ದ ಸುನಾಮಿ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಕೊಂದಿತು. ತಮಿಳುನಾಡಿನ ತೀರದ ಚಿತ್ರಗಳನ್ನು ನಾವಾರೂ ಮರೆತಿಲ್ಲ. ಭೂಕಂಪಕ್ಕೆ ತೀರ ಹತ್ತಿರವಿದ್ದ ಸಿಮೆಲುಯೆ ದ್ವೀಪದಲ್ಲಿ 78,000ದಷ್ಟು ಜನರಿದ್ದರು. ಸತ್ತವರು ಏಳು ಮಂದಿ. 1907ರಲ್ಲಿ ಅಲ್ಲಿ ಆದ ಅನಾಹುತದ ನಂತರ ಅಜ್ಜಿಯರು ಮೊಮ್ಮಕ್ಕಳಿಗೆ 'ಸ್ಮೋಂಗ್' ಎಂಬ ಒಂದು ಮಾತನ್ನು ಕಥೆಯಾಗಿ, ಹಾಡಾಗಿ ಕಲಿಸುತ್ತ ಬಂದಿದ್ದರು: ನೆಲ ಜೋರಾಗಿ ನಡುಗಿ, ಕಡಲು ಹಿಂದೆ ಸರಿದರೆ, ಗುಡ್ಡಕ್ಕೆ ಓಡು. ಅಷ್ಟೇ.

ನಮ್ಮ ಮನೆಗಳಲ್ಲಿ ಮುಖ್ಯವಾಗಿ ನೆನೆಯಬೇಕಾದವರು ಊರಿನಿಂದ ಆರು ತಿಂಗಳಿಗೆಂದು ಬಂದಿರುವ ತಂದೆತಾಯಂದಿರು. ಹಗಲಿಡೀ ಮನೆಯಲ್ಲಿ ಇಬ್ಬರೇ ಇರುತ್ತಾರೆ. ನೆಲ ನಡುಗಿದರೆ ಹೊರಗೆ ಓಡಬೇಕೆಂದು ಅವರು ತಿಳಿದಿದ್ದಾರೆ. ನಮ್ಮ ಅಮ್ಮನೂ ಹಾಗೆಯೇ ತಿಳಿದಿದ್ದರು. ಇಲ್ಲಿನ ಮರದ ಮನೆಗಳಲ್ಲಿ ಒಳಗೇ ಉಳಿದು, ಗಟ್ಟಿ ಮೇಜಿನ ಕೆಳಗೆ ಕೂತು, ಅದರ ಕಾಲನ್ನು ಹಿಡಿದುಕೊಳ್ಳುವುದು ಕ್ಷೇಮ. ಓಡುವವರಿಗೆ ಒಡೆದ ಗಾಜು, ಬೀಳುವ ಇಟ್ಟಿಗೆಗಳ ಭಯ. ಕಡಲ ದಡದಲ್ಲಿದ್ದರೆ ಮಾತ್ರ, ನಡುಕ ನಿಂತ ಕೂಡಲೇ, ಯಾರ ಅಪ್ಪಣೆಗೂ ಕಾಯದೆ, ಕಾಲ್ನಡಿಗೆಯಲ್ಲಿ ಎತ್ತರಕ್ಕೆ ಹೋಗಬೇಕು. ಅಲೆ ಒಂದಕ್ಕೇ ಮುಗಿಯುವುದಿಲ್ಲವಾದ್ದರಿಂದ ಬೇಗ ಇಳಿಯಬಾರದು. ಬಿಸಿನೀರಿನ ಹಂಡೆಯನ್ನು ಗೋಡೆಗೆ ಪಟ್ಟಿಯಿಂದ ಬಿಗಿಸಿ. ಎರಡು ವಾರದ ಕುಡಿಯುವ ನೀರು, ಔಷಧಿ, ಅವಲಕ್ಕಿ ಹುರಿಹಿಟ್ಟುಗಳನ್ನು ಒಂದು ಕಡೆ ಇಡಿ. ಇದನ್ನೆಲ್ಲ ಕನ್ನಡದಲ್ಲಿ, ದೊಡ್ಡಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಅಂಥ ಹಾಳೆಯೊಂದನ್ನು ನಾವು ಬರೆದು ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇವೆ. ಬೇಕಾದವರು ಕೇಳಿ ಪಡೆಯಬಹುದು.

ಬರುವ ಗಣರಾಜ್ಯೋತ್ಸವದಂದು, ಊಟಕ್ಕೆ ಮೊದಲು, ಮಕ್ಕಳನ್ನು ಹತ್ತು ನಿಮಿಷ ಕೂರಿಸಿಕೊಂಡು ಈ ಸೀಡರ್ ಮರಗಳ ಮತ್ತು ಮಿಹೊ ಪಟೇಲನ ಕಥೆಯನ್ನು ಕನ್ನಡದಲ್ಲಿ ಹೇಳಬೇಕೆಂದಿದ್ದೇವೆ. ಚುರುಮುರಿ ಕೊಟ್ಟು ಬಾಯಿ ಮುಚ್ಚಿಸಿದ ಹುಡುಗನಿಗೆ ಮುಂದಿನ ಸಾಲಿನಲ್ಲಿ ಜಾಗ ಕಾಯ್ದಿರಿಸಿದೆ.